ಭವ್ಯಳ ಭಾನುವಾರ

ಕಡೂರಿನ ಆ ಖಾಸಗಿ ಆಶ್ರಯಮನೆಗೆ ಬರುತ್ತಿದ್ದುದು ಹೊಡೆತ ತಿಂದ, ನೋಡಬಾರದ್ದನ್ನು ನೋಡಿದ, ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಬಿಟ್ಟುಹೋದ ಪುಟ್ಟ ಮಕ್ಕಳು. ಅವರನ್ನು ಮಾತನಾಡಿಸಿ, ಆಡಿಸಿ, ಮನುಷ್ಯರ ಮೇಲೆ ಮತ್ತೆ ನಂಬಿಕೆ ಬರಿಸುವುದು ಸಖರಾಯಪಟ್ಟಣದ ಭವ್ಯಳ ಕೆಲಸ. ಆಪ್ತಸಮಾಲೋಚಕಿಯಾಗಿ ಸೇರಿದವಳು ಬರುಬರುತ್ತ ಸ್ನಾನ ಮಾಡಿಸುವವಳೂ ಉಣಿಸುವವಳೂ ಆದಳು. ವಾರದ ರಜೆಯೂ ಇಲ್ಲ. ಇನ್ನೊಬ್ಬರನ್ನು ತೆಗೆದುಕೊಳ್ಳಿ ಎಂದರೆ ಕಾರ್ಯದರ್ಶಿ ರಾಜಶೇಖರ್ ನಗುತ್ತಿದ್ದರು. "ನಿನ್ನಷ್ಟು ತಾಳ್ಮೆ ಇನ್ಯಾರಿಗಿದೆ ಹೇಳಮ್ಮ?"

ಒಂದು ಬೆಳಗ್ಗೆ ನಾಲ್ಕು ವರ್ಷದ ನಿಶ್ಚಿತಾ ತನ್ನ ಸುಟ್ಟ ಅಂಗೈ ಹಿಡಿದುಕೊಂಡು ಅತ್ತಳು. ಆ ಬರೆ ಎಳೆದವನು ಅವಳ ಅಪ್ಪನೇ. ಭವ್ಯ ಗೋಡೆ ನೋಡಿದಂತೆ ನೋಡಿದಳು. ಎದೆಯಲ್ಲಿ ಏನೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ ಎಂದೇ ಅವಳಿಗೆ ಭಯವಾಯಿತು.

"ನಂಗೇನೋ ಆಗಿದೆ ಸರ್. ಒಂದ್ವಾರ ರಜ ಕೊಡಿ," ಎಂದಳು.

ರಾಜಶೇಖರ್ ರಜೆ ಕೊಡಲಿಲ್ಲ, ಮನಸ್ಸಿನ ನೆಮ್ಮದಿಗೆಂದು ತರಬೇತಿ ಕೊಡಿಸಿದರು. ಬ್ಯಾನರ್ ಕಟ್ಟಿ, ಫೋಟೋ ತೆಗೆಸಿ, ಸಿಬ್ಬಂದಿಯನ್ನೆಲ್ಲ ಹಾಲ್‌ನಲ್ಲಿ ಕೂರಿಸಿ ಬಾಗಿಲು ಹಾಕಿಸಿದರು.

"ಕಣ್ಣು ಮುಚ್ಚಿ, ಉಸಿರನ್ನಷ್ಟೇ ಗಮನಿಸಿ," ಎಂದ ತರಬೇತುದಾರ. "ಹೊರಗಿನ ಸದ್ದು ಬಂದರೆ ಬರಲಿ, ಹೋದರೆ ಹೋಗಲಿ."

ಹೊರಗಿನ ಸದ್ದು ನಿಶ್ಚಿತಾಳ ಅಳು. ಮುಚ್ಚಿದ ಬಾಗಿಲು ಕಂಡರೆ ಆ ಮಗು ನಡುಗುತ್ತಿತ್ತು. ಭವ್ಯ ದಡಕ್ಕನೆ ಎದ್ದಳು.

"ಕೂತ್ಕೊಳ್ಳಿ ಮೇಡಂ. ಮೊದಲು ನಿಮ್ಮನ್ನ ನೀವು ನೋಡ್ಕೋಬೇಕು."

"ನೋಡ್ಕೊಳ್ಳೋಕೆ ಬಿಟ್ಟಿದ್ದಾರೇನ್ರೀ?" ಭವ್ಯಳ ದನಿ ಹಾಲ್ ತುಂಬಿತು. "ನೀವು ಹೇಳ್ಕೊಡೋದು ತಪ್ಪಲ್ಲ. ಪುರುಸೊತ್ತೇ ಕೊಡ್ದೆ ನೆಮ್ಮದಿಯಾಗಿ ಉಸಿರಾಡು ಅನ್ನೋದಿದೆಯಲ್ಲ, ಅದು ಮೋಸ!"

"ಸೇವೇಲಿ ಹಿಂಗೆಲ್ಲ ಲೆಕ್ಕ ಹಾಕ್ತಾರೇನಮ್ಮ?" ಎಂದರು ರಾಜಶೇಖರ್.

"ಸುಸ್ತಾಗಿ ನಾಳೆ ಈ ಮಕ್ಕಳ ಮೇಲೇ ಕೈ ಎತ್ತಿದ್ರೆ? ಆಗ್ಲೂ ಬ್ಯಾನರ್ ಕಟ್ತೀರಾ ಸರ್? ಈ ಭಾನುವಾರ ನಾನು ಬರಲ್ಲ. ನೀವೇ ಬಂದು ನೋಡ್ಕೊಳ್ಳಿ."

ಬಾಗಿಲು ತೆರೆದು, ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಹೊರಟೇಬಿಟ್ಟಳು.

ಭಾನುವಾರ ಅಡುಗೆಯ ಕಾಂತಮ್ಮ ಫೋನು ಮಾಡಿದಳು. "ನೀ ಬರ್‌ಬ್ಯಾಡ ಕಣವ್ವ. ಸಾಹೇಬ್ರೇ ಉಣ್ಣುಸ್ತಾವ್ರೆ. ಮೂರು ಮಕ್ಳಿಗೇ ಬೆವತು ನೀರಾಗವ್ರೆ!"

ಭವ್ಯ ಬಿದ್ದು ಬಿದ್ದು ನಕ್ಕಳು. ನಗುನಗುತ್ತಲೇ ಅಳು ಬಂತು; ಎಷ್ಟೋ ತಿಂಗಳಿಂದ ಬಾರದ ಅಳು. ಅತ್ತು ಹಗುರಾಗಿ ಸಂಜೆಯವರೆಗೂ ಮಲಗಿದಳು.

ತಿಂಗಳೊಳಗೆ ಸ್ಫೂರ್ತಿ ಎಂಬ ಹುಡುಗಿ ಕೆಲಸಕ್ಕೆ ಬಂದಳು. ಭವ್ಯಳಿಗೆ ಭಾನುವಾರ ರಜೆಯೂ ಖಾಯಂ ಆಯಿತು. ಸಿಬ್ಬಂದಿಯ ನೆಮ್ಮದಿ ತಮ್ಮದೇ ಯೋಚನೆ ಎಂದು ರಾಜಶೇಖರ್ ಸಭೆಗಳಲ್ಲಿ ಹೇಳಿಕೊಳ್ಳುತ್ತಾರೆ. ಕೇಳಿದಾಗಲೆಲ್ಲ ಭವ್ಯಳ ಮೈ ಉರಿಯುತ್ತದೆ. ಈಗ ಕಾಂತಮ್ಮನಿಗೂ ವಾರದ ರಜೆ ಬೇಕೆಂದು ಜಗಳ ತೆಗೆದಿದ್ದಾಳೆ.