ಏರಿನಲ್ಲಿ ಹಿಂದೆ ಬಿದ್ದ ಗೆಳೆಯ

ಪ್ರತಿ ಭಾನುವಾರ ಬೆಳಿಗ್ಗೆ ನಾನೂ ಕಲ್ಲೋಳಿಯ ನನ್ನ ಗೆಳೆಯನೂ ಗೇರ್ ಸೈಕಲ್ಲಿನಲ್ಲಿ ಗೋಕಾಕದ ಗುಡ್ಡ ಹತ್ತುತ್ತೇವೆ. ಅವನು ದರ್ಜಿ, ವಾರವಿಡೀ ಹೊಲಿಗೆ ಮಷೀನು ತುಳಿಯುವವನು. ಆದರೂ ಈ ಬೇಸಿಗೆಯಲ್ಲಿ ಏರು ಬಂದಾಗಲೆಲ್ಲ ಹಿಂದೆ ಬೀಳತೊಡಗಿದ. “ವಯಸ್ಸಾತು ನಿನಗ,” ಎಂದು ನಾನು ನಗುತ್ತಿದ್ದೆ. ಅವನೂ ನಗುತ್ತಿದ್ದ.

ಒಂದು ದಿನ ಅವನು ಅರ್ಧ ದಾರಿಯಲ್ಲೇ ಇಳಿದು ಕಲ್ಲಿನ ಮೇಲೆ ಕುಳಿತ. “ನಾ ಇನ್ನ ಬರೂದಿಲ್ಲೋ. ಸೈಕಲ್ ಮಾರಿಬಿಡ್ತೇನಿ,” ಎಂದ. ನನಗೆ ಕಸಿವಿಸಿಯಾಯಿತು. ಅವನ ಸೈಕಲ್ಲನ್ನೇ ಹತ್ತಿ ನೋಡಿದೆ. ನಾಲ್ಕು ಮಾರು ಹೋಗುವಷ್ಟರಲ್ಲಿ ತೊಡೆ ಉರಿಯಿತು. ಇಳಿದು ಹಿಂದಿನ ಗಾಲಿ ಎತ್ತಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತಿತು. ಬ್ರೇಕಿನ ರಬ್ಬರು ರಿಮ್ಮಿಗೆ ಉಜ್ಜುತ್ತಿತ್ತು. ಎರಡು ತಿಂಗಳ ಹಿಂದೆ ಆ ರಬ್ಬರು ಹಾಕಿಕೊಟ್ಟವನು ನಾನೇ.

“ತಪ್ಪು ನಂದೋ,” ಎಂದೆ. “ನೀ ಇಷ್ಟ ದಿನ ಬ್ರೇಕ್ ಹಿಡಕೊಂಡೇ ಗುಡ್ಡ ಏರಾಕತ್ತಿದ್ದಿ.”

ಅವನಿಗೆ ಸಿಟ್ಟು ಬರಲಿಲ್ಲ. “ಹಂಗಾರ ನನ್ನ ಕಾಲಿಗೇನೂ ಆಗಿಲ್ಲಲಾ?” ಎಂದು ಎರಡು ಸಲ ಕೇಳಿದ.

ಬ್ರೇಕಿನ ವೈರು ಸಡಿಲಿಸಿಕೊಟ್ಟೆ. ಅವನು ಹತ್ತಿ ಹೊರಟ. ಎರಡು ತಿಂಗಳು ಅವನು ಒಬ್ಬನೇ ಏನೇನು ನೆನೆದು ಹೆದರಿರಬಹುದು ಎಂದು ಯೋಚಿಸುತ್ತ ನಾನು ನಿಧಾನವಾಗಿ ಹಿಂದೆ ಹೋದೆ.