ಕರಿ ತಾಡಪತ್ರಿ

ಮುಸ್ಸಂಜೆಯಲ್ಲಿ ಗಾಡಿ ಓಡಿಸುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಕತ್ತಲಾದರೆ ಕತ್ತಲು ಎಂದು ಒಪ್ಪಿಕೊಂಡು ಎಲ್ಲರೂ ದೀಪ ಹಾಕುತ್ತಾರೆ. ಸಂಜೆಯ ಹೊತ್ತಿಗೆ ಮಾತ್ರ ಎಲ್ಲರಿಗೂ ತಮಗೆ ಕಾಣುತ್ತಿದೆ ಎಂಬ ಭ್ರಮೆ. ತಮಗೆ ಕಂಡರೆ ಸಾಕೆ, ಎದುರಿನವನಿಗೆ ತಾವು ಕಾಣಬೇಡವೆ? ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಈ ಪ್ರಶ್ನೆಯನ್ನು ಪಾಠದ ನಡುವೆ ಕೇಳಿದ್ದೇನೆ, ಮದುವೆಯ ಪಂಕ್ತಿಯಲ್ಲಿ ಕೇಳಿದ್ದೇನೆ, ಹಾವೇರಿಯ ಚಹಾದಂಗಡಿಯಲ್ಲಿ ಪರಿಚಯವೇ ಇಲ್ಲದವರನ್ನೂ ಹಿಡಿದು ಕೇಳಿದ್ದೇನೆ. ಮಳೆ, ಮಂಜಿನಲ್ಲಿ ದೊಡ್ಡ ಲೈಟು ಹಾಕಬೇಡಿರಿ, ಆ ಬೆಳಕು ಹನಿಗೆ ಬಡಿದು ನಿಮ್ಮ ಕಣ್ಣಿಗೇ ತಿರುಗಿ ಬರುತ್ತದೆ ಎಂದು ಬಿಡಿಸಿ ಹೇಳಿದ್ದೇನೆ. ಮನೆಯಲ್ಲಿ ನನ್ನ ಕಾಟ ಇನ್ನೂ ಹೆಚ್ಚು. ಮಗಳು ಹಾವೇರಿಯ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸಕ್ಕೆ ದಿನಾ ಕರ್ಜಗಿಯಿಂದ ಸ್ಕೂಟರಿನಲ್ಲಿ ಹೋಗಿ ಬರುತ್ತಾಳೆ. ಗಾಡಿ ಹತ್ತುವ ಮೊದಲು ಫೋನು ಸೀಟಿನ ಕೆಳಗಿನ ಡಿಕ್ಕಿ ಸೇರಬೇಕು, ಮನೆ ಮುಟ್ಟಿದ ಮೇಲೇ ಹೊರಗೆ ಬರಬೇಕು. ಇದು ನಾನು ಮಾಡಿದ ಕಾನೂನು.

ಇನ್ನು ರಸ್ತೆಯ ಮೇಲೆ ಒಕ್ಕಲಿ ಮಾಡಿ ಕಾಳು ಒಣಹಾಕುವವರನ್ನು ಕಂಡರಂತೂ ನನ್ನ ಪಿತ್ತ ನೆತ್ತಿಗೇರುತ್ತಿತ್ತು. ಗೋವಿನಜೋಳದ ಸುಗ್ಗಿ ಬಂತೆಂದರೆ ನಮ್ಮ ಕಡೆ ಅರ್ಧ ಡಾಂಬರು ಕಾಳಿಗೆ, ಇನ್ನರ್ಧ ಜನಕ್ಕೆ. ಅಂಚಿಗೆ ಸಾಲಾಗಿ ಕಲ್ಲು ಬೇರೆ. ಕಾರು ನಿಲ್ಲಿಸಿ, ಗಾಜು ಇಳಿಸಿ, "ಇದೇನು ನಿಮ್ಮಪ್ಪನ ಕಣವೇನು?" ಎಂದು ನಾನು ಬೈದದ್ದಕ್ಕೆ ಲೆಕ್ಕವಿಲ್ಲ.

ಹೋದ ನವೆಂಬರಿನಲ್ಲಿ ನಮ್ಮ ನಾಲ್ಕು ಎಕರೆಯ ಕಾಳೂ ಹಸಿಯಾಗಿಯೇ ಮನೆಗೆ ಬಂತು. ಎಲ್ಲೋ ಸಮುದ್ರದಲ್ಲಿ ವಾಯುಭಾರ ಕುಸಿದಿದೆಯೆಂದು ಇಲ್ಲಿ ಮೂರು ದಿನದಿಂದ ಮೋಡ. ಅಂಗಳವೆಲ್ಲ ಕೆಸರು. ಕಾಳು ಬಿಸಿಯಾಗಿ ಮುಗ್ಗಲು ವಾಸನೆ ಹೊಡೆಯತೊಡಗಿತು. ಒಂದು ದಿನ ಬೆಳಗ್ಗೆ ಬಿಸಿಲು ಬಿದ್ದದ್ದೇ ತಡ, ಮಗಳು ಕೆಲಸಕ್ಕೆ ಹೋದ ಮೇಲೆ, ಆಳನ್ನು ಕರೆದುಕೊಂಡು ನಮ್ಮ ಹೊಲದ ಎದುರಿನ ರಸ್ತೆಯಲ್ಲೇ ಎಲ್ಲವನ್ನೂ ಹರವಿದೆ. ಒಂದು ದಿನದ ಮಟ್ಟಿಗೆ ಎಂದು ನನಗೆ ನಾನೇ ಹೇಳಿಕೊಂಡೆ. ಮಧ್ಯಾಹ್ನ ಮತ್ತೆ ಮೋಡ ಕವಿಯಿತು. ಗಡಬಡಿಸಿ ಬಳಿದು ಅಲ್ಲೇ ರಾಶಿ ಮಾಡಿ, ಕರಿ ತಾಡಪತ್ರಿ ಹೊದಿಸಿ, ಗಾಳಿಗೆ ಹಾರದಂತೆ ಸುತ್ತಲೂ ದಪ್ಪ ಕಲ್ಲು ಹೇರಿದೆವು. ರಾಣೆಬೆನ್ನೂರಿನಲ್ಲಿ ಅವ್ವನ ಕಣ್ಣು ತೋರಿಸುವುದಿತ್ತು. ಕೈ ತೊಳೆದು ಹೊರಟೆ.

ಕಣ್ಣಿಗೆ ಔಷಧ ಬಿಟ್ಟು ಪರೀಕ್ಷೆ ಮುಗಿಯುವ ಹೊತ್ತಿಗೆ ಐದೂವರೆ. ಜಿಟಿಜಿಟಿ ಮಳೆ ಹಿಡಿದಿತ್ತು. ಕಾರು ಹತ್ತುವಾಗ ಮಗಳ ಫೋನು ಬಂತು.

"ಅಪ್ಪಾ, ಒಂದೆರಡು ರಿಪೋರ್ಟ್ ಅದಾವ, ಮುಗಿಸಿ ಹೊಂಡತೀನಿ."

"ಲೈಟ್ ಹಚ್ಕೋ. ಸಾವಕಾಶ ಬಾ. ಫೋನ್ ಡಿಕ್ಕಿಯೊಳಗ ಇಡು."

"ಹೂಂ, ಗೊತ್ತೈತಿ," ಎಂದು ಇಟ್ಟಳು. ಇಷ್ಟೆಲ್ಲ ಹೇಳಿದವನಿಗೆ ಹೇಳಬೇಕಾದ ಒಂದು ಮಾತು ಮಾತ್ರ ನೆನಪಾಗಲಿಲ್ಲ.

ಹೆದ್ದಾರಿಯಲ್ಲಿ ಲಾರಿಗಳು ಎರಚುವ ಕೆಸರುನೀರಿಗೆ ವೈಪರ್ ಸಾಲದು. ಅವ್ವ ಪಕ್ಕದಲ್ಲಿ ಕಣ್ಣು ಕಿರಿದು ಮಾಡಿ ಕೂತಿದ್ದಳು. "ನನಗಂತೂ ಏನೂ ಕಾಣವಲ್ದು. ನಿನಗರ ಕಾಣಾಕತ್ತೈತೋ ಇಲ್ಲೋ?" ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿದ್ದಳು. ಬ್ಯಾಡಗಿಗೆ ತಿರುಗುವ ಮೋಟೆಬೆನ್ನೂರಿನ ಹತ್ತಿರ ಅವಳಿಗೆ ಚಹಾ ಬೇಕಾಯಿತು. ಸರ್ವಿಸ್ ರಸ್ತೆಗೆ ಇಳಿಸಿದೆ. ಮುಂದೆ ಏನೂ ಇರಲಿಲ್ಲ. ಏನೂ ಇಲ್ಲವೆಂದೇ ಹೋಗುತ್ತಿದ್ದವನು ಒಮ್ಮೆಲೆ ಬ್ರೇಕ್ ಒತ್ತಿದೆ. ಒಂದು ಮಾರು ದೂರದಲ್ಲಿ, ನೆನೆದ ಡಾಂಬರಿನದೇ ಬಣ್ಣದಲ್ಲಿ, ತಾಡಪತ್ರಿ ಹೊದ್ದ ರಾಶಿ ಮಲಗಿತ್ತು.

ಮಳೆಯಲ್ಲೇ ಇಳಿದು, ಅಲ್ಲಿಲ್ಲದ ಮಾಲೀಕನಿಗೆ ಬಾಯಿ ತುಂಬ ಬೈದೆ. ಇವರಿಗೆ ಒಂದು ಟೊಂಗೆ ನೆಡಲು ಬರುವುದಿಲ್ಲವೇ, ಒಂದು ಬಿಳಿ ಅರಿವೆ ಕಟ್ಟಲು ಬರುವುದಿಲ್ಲವೇ ಎಂದು ಕೂಗಾಡಿ ಬಂದು ಕೂತೆ. ಅವ್ವ ಸುಮ್ಮನೆ ಕೇಳಿಸಿಕೊಂಡು, "ತಮ್ಮಾ, ನಮ್ಮ ರಾಶಿಗೆ ಏನರ ಗುರುತ ಇಟ್ಟು ಬಂದೀಯೇನು?" ಎಂದಳು.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹೊಡೆಯುವವನು ಎನ್ನುತ್ತಾರಲ್ಲ, ಅವನು ನಾನೇ. ಮಗಳಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಎತ್ತಬಾರದೆಂದು ಕಲಿಸಿದವನು ನಾನೇ, ಆ ಹುಡುಗಿ ಹೇಳಿದ ಮಾತು ಕೇಳುವವಳು. ಆಳಿನ ಫೋನು ಬಂದ್ ಆಗಿತ್ತು. ಹೆಂಡತಿ ಹೊಸರಿತ್ತಿಯ ತವರಿಗೆ ಹೋಗಿದ್ದಳು. ಬೆಳಗ್ಗೆ ಮಗಳು ಆ ದಾರಿಯಲ್ಲಿ ಹೋಗುವಾಗ ರಸ್ತೆ ಖಾಲಿ ಇತ್ತು. ಸಂಜೆಯೂ ಖಾಲಿ ಇರುತ್ತದೆಂದೇ ಅವಳು ಬರುತ್ತಾಳೆ.

ಚಹಾ ಮರೆತು ಹೆದ್ದಾರಿಗೆ ಹತ್ತಿದೆ. ಕಾಲು ತಾನಾಗಿಯೇ ಒತ್ತುತ್ತಿತ್ತು. ದೊಡ್ಡ ಲೈಟು ಹಾಕಿದೆ. ಎದುರಿಗೆ ಮಳೆಯ ಬಿಳಿ ಗೋಡೆಯೊಂದೇ ಕಂಡಿತು. ಆರಿಸಿದೆ. ಕತ್ತಲೆನಿಸಿ ಮತ್ತೆ ಹಾಕಿದೆ. ಎದುರಿನಿಂದ ಬಂದವನೊಬ್ಬ ಉದ್ದಕ್ಕೆ ಹಾರ್ನ್ ಬಾರಿಸಿ ಹೋದ.

"ಸಾವಕಾಶ ನಡಿ," ಎಂದಳು ಅವ್ವ. "ಗಾಡಿಯೊಳಗ ಕಣ್ಣು ಇದ್ದವ ನೀ ಒಬ್ಬನ ಅದಿ."

ಸಾವಕಾಶ ಹೋದೆ. ಅದಕ್ಕಿಂತ ಕಷ್ಟದ ಕೆಲಸ ನಾನು ಮಾಡಿದ್ದಿಲ್ಲ. ಬೇಗ ಹೋಗಬೇಕೆಂದು ಮೈಯೆಲ್ಲ ಚಡಪಡಿಸುತ್ತಿರುವಾಗ ನಲವತ್ತರಲ್ಲಿ ಗಾಡಿ ಹಿಡಿಯುವುದು ಕೆಂಡದ ಮೇಲೆ ಕೂತ ಹಾಗೆ. ಹಾವೇರಿ ದಾಟಿ ಕರ್ಜಗಿ ರಸ್ತೆಗೆ ಬಿದ್ದಾಗ ಎದುರು ಬರುವ ಒಂದೊಂದು ಬೈಕನ್ನೂ ನಿಲ್ಲಿಸಿ ಕೇಳಬೇಕೆನಿಸಿತು. ಏನೆಂದು ಕೇಳಲಿ? ಮುಂದೆ ಯಾರಾದರೂ ಬಿದ್ದಿದ್ದಾರಾ ಎಂದೇ?

ನಮ್ಮ ಹೊಲದ ತಿರುವಿನಲ್ಲಿ ಮೊದಲು ಕಂಡದ್ದು ರಾಶಿಯಲ್ಲ, ಅದರ ಮೇಲೆ ಬಿದ್ದಿದ್ದ ಒಂದು ಬಿಳಿ ಬಟ್ಟೆ. ಮಗಳು ಲ್ಯಾಬಿನಲ್ಲಿ ಹಾಕಿಕೊಳ್ಳುವ ಕೋಟು. ಬಾಗಿಲು ತೆಗೆದದ್ದು, ಓಡಿದ್ದು ನೆನಪಿಲ್ಲ.

"ಅಪ್ಪಾ, ಇಲ್ಲೆ ಅದೇನಿ."

ರಾಶಿಯ ಆಚೆ, ರಸ್ತೆಯಂಚಿನಲ್ಲಿ, ಇಂಡಿಕೇಟರ್ ಮಿಣುಕುತ್ತಿದ್ದ ಸ್ಕೂಟರಿನ ಪಕ್ಕ ತೊಯ್ದು ತೊಪ್ಪೆಯಾಗಿ ನಿಂತಿದ್ದಳು. ಕೈಕಾಲು ಮುಟ್ಟಿ ಮುಟ್ಟಿ ನೋಡಿದೆ. ನನ್ನ ಕಣ್ಣಲ್ಲಿ ನೀರು ಬಂತು, ಮಳೆಯಲ್ಲಿ ಅವಳಿಗೆ ತಿಳಿಯಲಿಲ್ಲ.

"ನನಗೇನೂ ಆಗಿಲ್ಲ. ನನ್ನ ಮುಂದ ಒಂದು ಬೈಕ್ ಇತ್ತು, ಗಂಡ-ಹೆಂಡತಿ. ಅವರು ಬಿದ್ರು. ಆ ಅಕ್ಕನ ಮೊಣಕಾಲು ಒಡದು ರಕ್ತ ಬಂದಿತ್ತು. ಬ್ಯಾಗಿನ್ಯಾಗ ಹತ್ತಿ ಇತ್ತು, ಕಟ್ಟಿ ಕಳಿಸೇನಿ. ಕೂಸು ಇತ್ತಪಾ ತೊಡಿ ಮ್ಯಾಲೆ. ಪುಣ್ಯಾಕ್ಕ ಅದಕ್ಕ ಏನೂ ಆಗಲಿಲ್ಲ. ಮತ್ತ ಯಾರರ ಬಂದು ಬೀಳ್ತಾರಂತ ಕೋಟ್ ಹಾಸಿ ನಿಂತೇನಿ."

ನಾನು ಬಾಗಿ ತಾಡಪತ್ರಿಯ ಅಂಚಿನ ಕಲ್ಲೊಂದನ್ನು ಎತ್ತಿ ರಸ್ತೆಯಿಂದ ಆಚೆ ಇಟ್ಟೆ. ಅವಳೇ ಮುಂದುವರಿದಳು.

"ಆ ಅಣ್ಣ ಕೇಳಿದ, ಯಾರದು ಈ ರಾಶಿ ಅಂತ. ನಮ್ಮ ಹೊಲದ ಮುಂದ ಐತಿ, ನನಗ ಗೊತ್ತಾಗಿತ್ತು. ಆದ್ರೂ, ನನಗ ಗೊತ್ತಿಲ್ಲರಿ ಅಂದ್ನಿ. ಅವ ಬೈಯಾಕತ್ತ. ಸಂಶಯ ಬರಬಾರದಂತ ಅವನ ಕೂಡ ನಾನೂ ಬೈದ್ನಿ."

"ಯಾವ ಊರಿನವರು ಅಂತ ಕೇಳಲಿಲ್ಲೇನು?" ಎಂದೆ.

ಕೋಟನ್ನು ಎತ್ತಿ ಹಿಂಡುತ್ತಿದ್ದವಳು ನಿಲ್ಲಿಸಿ ನನ್ನ ಕಡೆ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಕೇಳಿದ್ರ, ಅವರ ಊರಿಗೆ ಹೋಗಿ ರಾಶಿ ನಮ್ಮದ ಅಂತ ಹೇಳ್ತಿದ್ದೇನಪಾ ನೀ?"

ಹೇಳುತ್ತಿದ್ದೆ ಎನ್ನಲು ಬಾಯಿ ತೆರೆದೆ. ತೆರೆದ ಬಾಯಿ ಮುಚ್ಚಿ, ಅವಳ ಕೈಯಿಂದ ಕೋಟು ತೆಗೆದುಕೊಂಡು ಮತ್ತೆ ರಾಶಿಯ ಮೇಲೆ ಹಾಸಿದೆ.