ತವರಿನ ಮಣೂಕ

ನನ್ನ ಮೊಮ್ಮಗಳು ಇವತ್ತು ಓಡಿದಳು! ಗೋಳಗುಮ್ಮಟದ ಮುಂದಿನ ಹುಲ್ಲಿನ ಮೇಲೆ, ಗೇಟಿನ ಕಡೆಯಿಂದ ನಾನು ಕೂತಿದ್ದ ಗಿಡದ ನೆರಳಿನತನಕ, ಎಲ್ಲಿಯೂ ನಿಲ್ಲದೆ, ಎದೆ ಹಿಡಿದುಕೊಳ್ಳದೆ ಓಡಿ ಬಂದು ನನ್ನ ಮಡಿಲಿಗೆ ಬಿದ್ದಳು. ಅವಳ ಬೆನ್ನಿಗೆ ಕಿವಿ ಹಚ್ಚಿ ಕೇಳಿದೆ. ಸಿಳ್ಳೆಯ ಸಪ್ಪಳ ಇಲ್ಲ, ಗೊರಗೊರ ಇಲ್ಲ. ಬರೀ ಉಸಿರು, ಎಲ್ಲರ ಮಕ್ಕಳ ಉಸಿರಿನಂಥ ಉಸಿರು.

ಅದಕ್ಕಿಂತ ಸ್ವಲ್ಪ ಮೊದಲು ದವಾಖಾನೆಯಲ್ಲಿ ಡಾಕ್ಟರರು ಹೇಳಿದ್ದರು: "ಎದಿ ಸ್ವಚ್ಛ ಐತಿ ನೋಡ್ರಿ. ಇನ್ನ ದಿನಾ ಉಸಿರಿನ ಪಂಪ್ ಹೊಡಿಯೂದು ಬ್ಯಾಡ. ಮನ್ಯಾಗ ಇರಲಿ, ಬೇಕಾದ್ರ ಅಷ್ಟ."

ನಾನು ಅವರ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡುಬಿಟ್ಟೆ. ಸೊಸೆ ನಗುತ್ತ ನನ್ನ ಸೆರಗು ಜಗ್ಗಿದಳು. "ಅತ್ತೀ, ಸಾಕ ಬಿಡ್ರಿ. ಹಿಂದ ಪಾಳಿ ನಿಂತೈತಿ."

ಈ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಯಾರಿಗೆ ಹೇಳಲಿ ಎಂದು ನೋಡಿದರೆ, ಮೊದಲು ನೆನಪಾಗುವವನು ನನ್ನ ತಮ್ಮ. ಅವನು ಹುಟ್ಟಿದಾಗಿನಿಂದ ಹಾಗೇ ಆಗಿದೆ. ಇವತ್ತೂ ಹಾಗೇ ಆಯಿತು, ಮರುಗಳಿಗೆಯಲ್ಲಿ ಅವನು ಮಾಡಿದ್ದು ನೆನಪಾಯಿತು.

ನಾನು ಸಾರವಾಡದ ಮಗಳು, ತಿಕೋಟಾದ ಸೊಸೆ. ಮೂರನೇ ಇಯತ್ತೆತನಕ ಸಾಲಿ ಕಲಿತವಳು. ನಮ್ಮ ತವರಿನಲ್ಲಿ ತಮ್ಮ ದ್ರಾಕ್ಷಿ ಬೆಳೆಯುತ್ತಾನೆ, ಅದನ್ನು ಒಣಗಿಸಿ ಮಣೂಕ ಮಾಡುವ ಶೆಡ್ಡೂ ಅವನದೇ. ಬಲೆಯ ಅಟ್ಟಗಳ ಮೇಲೆ ನೆರಳಿನಲ್ಲಿ ಹರವಿ ಸುಮ್ಮನೆ ಬಿಟ್ಟರೆ ಮಣೂಕ ಕಂದು ಬಣ್ಣಕ್ಕೆ ತಿರುಗುತ್ತದೆ. ಪೇಟೆಯವರಿಗೆ ಬಂಗಾರದ ಬಣ್ಣ ಬೇಕು. ಅದಕ್ಕಾಗಿ ಅಟ್ಟಕ್ಕೆ ತಾಡಪತ್ರಿ ಮುಚ್ಚಿ, ಕೆಳಗೆ ಗಂಧಕ ಸುಟ್ಟು ಹೊಗೆ ಕೊಡುತ್ತಾರೆ. ಹೋದ ವರ್ಷದ ಬೇಸಿಗೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಹೋದಾಗ ಆ ಹೊಗೆ ಮೂಗಿಗೆ ಬಡಿದು ಕೂಸು ಕೆಮ್ಮಿ ಕೆಮ್ಮಿ ತುಟಿ ನೀಲಿ ಮಾಡಿಕೊಂಡಿತ್ತು. ಅವಳನ್ನು ಎತ್ತಿಕೊಂಡು ಹೊರಗೆ ಓಡಿದವನು ನನ್ನ ತಮ್ಮನೇ. ಇದನ್ನು ಯಾಕೆ ಹೇಳುತ್ತೇನೆಂದರೆ, ಅವನಿಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ.

ಅವತ್ತೇ ನಾನು ಅವನಿಗೆ ಹೇಳಿದ್ದೆ, ಬರುವ ಪಂಚಮಿಗೆ ನನಗೆ ಹೊಗೆ ಹಾಕದ ಮಣೂಕ ತಾ ಎಂದು.

ನಾಗರ ಪಂಚಮಿಗೆ ಅಣ್ಣತಮ್ಮಂದಿರು ಉಂಡಿ ಕಟ್ಟಿಕೊಂಡು ಹೆಣ್ಣುಮಕ್ಕಳನ್ನು ಕರೆಯಲು ಬರುತ್ತಾರಲ್ಲ, ನನ್ನ ತಮ್ಮ ಉಂಡಿಯ ಜತೆ ಮಣೂಕದ ಒಂದು ಚೀಲವನ್ನೂ ತರುತ್ತಾನೆ. ಓಣಿಯ ಮಂದಿ ನೋಡುವ ಹಾಗೆ ಕಟ್ಟೆಯ ಮೇಲೆ ಇಳಿಸುತ್ತಾನೆ. ತವರಿನಿಂದ ಬಂದದ್ದನ್ನು ತೂಗಬಾರದು, ಹೊರಳಿಸಿ ನೋಡಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಆದರೂ ಹೋದ ವರ್ಷದ ಪಂಚಮಿಗೆ ಚೀಲ ಬಿಚ್ಚಿದಾಗ ಬಾಯಿ ತಡೆಯಲಿಲ್ಲ.

"ಲೇ ತಮ್ಮಾ, ಬಾಳ ಹಳದಿ ಅದಾವಲ್ಲೋ."

"ನಿನ್ನ ಪಾಲು ಬ್ಯಾರೇನ ಒಣಸೇನಿ ಅಕ್ಕಾ. ಹೊಗಿ ತಾಗಿಲ್ಲ ಅದಕ. ಏನ, ತವರ ಮ್ಯಾಲ ಸಂಶೆ ಮಾಡಾಕತ್ತಿ?"

"ಹುಚ್ಚ ಅದೀ. ಕೇಳಿದೆ ಅಷ್ಟ."

ನಾನು ಆ ಚೀಲ ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ದಿನಾ ಮುಂಜಾನೆ ಮೊಮ್ಮಗಳ ಅಂಗೈ ತುಂಬ ಒಂದು ಹಿಡಿ. "ಆಯಿ, ಇನ್ನಷ್ಟ" ಅನ್ನುತ್ತಿತ್ತು ಕೂಸು. ಶ್ರಾವಣ ಮುಗಿಯುವುದರೊಳಗೆ ಉಬ್ಬಸ ಹತ್ತಿಕೊಂಡಿತು. ಮಳೆ ಅಂದೆವು, ತಂಪು ಗಾಳಿ ಅಂದೆವು. ಕಡೆಗೆ ಮಾತಾಡಲೂ ಆಗದಂತಾದಾಗ ವಿಜಯಪುರಕ್ಕೆ ಒಯ್ದು ದವಾಖಾನೆಗೆ ಹಾಕಿದೆವು. ಆ ಸಣ್ಣ ಮುಖಕ್ಕೆ ದೊಡ್ಡ ಮಾಸ್ಕು. ಪಕ್ಕೆಲುಬಿನ ಸಂದುಗಳು ಒಳಗೆ ಹೋಗಿ ಹೋಗಿ ಬರುತ್ತಿದ್ದವು.

ಸುದ್ದಿ ತಿಳಿದ ತಕ್ಷಣ ತಮ್ಮ ಓಡಿ ಬಂದ. ಮನೆಗೆ ಹೋಗು ಅಂದರೂ ಹೋಗಲಿಲ್ಲ, ಕೂಸಿನ ಕಾಲ ಬಳಿಯೇ ಕೂತ. ಬರುವಾಗ ಅದೇ ಮಣೂಕವನ್ನು ಮತ್ತಷ್ಟು ತಂದಿದ್ದ. ಸ್ಟೂಲಿನ ಮೇಲಿದ್ದ ಅದನ್ನು ಕಂಡು ಡಾಕ್ಟರರು ಕೇಳಿದರು: "ಇದನ್ನ ದಿನಾ ತಿಂತಾಳೇನು? ಗಂಧಕದ ಹೊಗಿ ಕೊಟ್ಟದ್ದೇನ್ರಿ?"

ನಾನು ಎದೆ ಉಬ್ಬಿಸಿ ಹೇಳಿದೆ: "ಇಲ್ರಿ ಸಾಹೇಬ್ರ, ನನ್ನ ತವರಿಂದು. ಬೇಕಾದ್ರ ಇವನ್ನ ಕೇಳ್ರಿ, ಬೆಳದಾವ ಇಲ್ಲೇ ಕುಂತಾನ."

ತಮ್ಮ ಕೂಸಿನ ಪಾದ ನೋಡುತ್ತ "ಇಲ್ರಿ" ಅಂದ.

ಮನೆಗೆ ಬಂದ ಮೇಲೆ ಸೊಸೆ ನನಗೆ ತಿಳಿಸಿಯೇ, ಚೀಲದಿಂದ ಮಣೂಕ ತೆಗೆದು ಡಬ್ಬಿಗೆ ತುಂಬಿದಳು. ಆಹಾರ ಸುರಕ್ಷತೆಯ ಆಫೀಸಿನಲ್ಲಿ ಕೊಟ್ಟರೆ ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಬಹುದು, ಯಾರು ಬೇಕಾದರೂ ಕೊಡಬಹುದು ಎಂದು ಡಾಕ್ಟರರು ಅವಳಿಗೆ ಹೇಳಿದ್ದರಂತೆ. ನನ್ನ ಮೈಗೆ ಬೆಂಕಿ ಹತ್ತಿತು.

"ನನ್ನ ತವರ ಮ್ಯಾಲ ಸರಕಾರ ಬಿಡ್ತೀ ಏನವಾ?"

"ನಿಮ್ಮ ತವರ ಮ್ಯಾಲ ಅಲ್ರಿ ಅತ್ತೀ. ನನ್ನ ಮಗಳ ತಾಟಿನ ಮ್ಯಾಲ."

ಅವತ್ತಿನಿಂದ ನಾನು ಅವಳ ಕೈಯ ಚಹಾ ಕುಡಿಯಲಿಲ್ಲ. ಆ ಆಫೀಸೆಂದರೆ ನನಗೆ ಗೊತ್ತಿದ್ದದ್ದು ಇಷ್ಟೇ: ಬಿಸ್ಕೀಟು ಪುಡಿಕೆಯ ಮೇಲೆ ಹಸಿರು ಚುಕ್ಕೆ ಹಾಕಿಸುವವರು, ಹೋಟೆಲಿನ ಕರಿದೆಣ್ಣೆ ನೋಡಿ ಬೈಯುವವರು. ಗುರುತಿಲ್ಲದವರ ಕೈಯ ತಿನಿಸಿಗೆ ಅವರು ಬೇಕು. ಒಡಹುಟ್ಟಿದವನು ತಂದದ್ದಕ್ಕೆ ದಿಲ್ಲಿಯಲ್ಲಿ ಕೂತು ನಿಯಮ ಮಾಡುವವರು ಯಾಕೆ?

ಪರೀಕ್ಷೆ ಆದ ಮೇಲೆ ಆಫೀಸಿನಿಂದ ಕರೆ ಬಂತು. ನಾನೂ ಹಟ ಹಿಡಿದು ಹೋದೆ, ಸೊಸೆಯ ಮುಖ ಇಳಿಯುವುದನ್ನು ನೋಡಲಿಕ್ಕೆ. ಅಲ್ಲಿದ್ದ ಮೇಡಂ ಸೊಸೆಗಿಂತಲೂ ಸಣ್ಣ ವಯಸ್ಸಿನವಳು. ನನಗೆ ಕುರ್ಚಿ ಸರಿಸಿಕೊಟ್ಟು ಹೇಳಿದಳು: "ಗಂಧಕ ಬಾಳ ಐತ್ರಿ ಅಜ್ಜಿ. ಇರಬೇಕಾದ್ದಕ್ಕಿಂತ ಬಾಳ ಹೆಚ್ಚಿಗಿ."

"ಇಲ್ರಿ ಮೇಡಂ. ಮತ್ತೊಮ್ಮಿ ನೋಡ್ರಿ. ಯಾರದೋ ಕೂಡ ಅದಲಬದಲ ಆಗೇತಿ."

"ಆಗಿಲ್ರಿ. ಹೊಗಿ ಕೊಡಲೇಬ್ಯಾಡ್ರಿ ಅಂತ ನಾವೇನ ಅನ್ನೂದಿಲ್ಲ. ಇಷ್ಟರೊಳಗ ಇರಬೇಕು ಅಂತ ದಿಲ್ಲ್ಯಾಗ ಮಿತಿ ಮಾಡ್ಯಾರ. ಪಾಕೀಟಿನ ಮ್ಯಾಲ ಬರೀರಿ ಅಂತಾರ. ಉಬ್ಬಸ ಇದ್ದ ಕೆಲವರಿಗೆ ಅದು ಒಗ್ಗೂದಿಲ್ಲ. ಓದಿ ಅವರು ದೂರ ಇಡ್ತಾರ."

"ತಮ್ಮ ತಂದ ಚೀಲದ ಮ್ಯಾಲ ಯಾರ ಬರೀತಾರ್ರಿ?"

"ಮನ್ಯಾವ್ರು ಬರಿಯೂದ ಬ್ಯಾಡ್ರಿ ಅಜ್ಜಿ," ಅಂದಳು. "ಬಾಯಿಲೆ ಹೇಳಿದ್ರ ಸಾಕಾಗಿತ್ತು."

ಸೊಸೆಯ ಮುಖ ನೋಡಲು ಬಂದ ನಾನೇ ತಲೆ ಎತ್ತಲಿಲ್ಲ. ಸೊಸೆ ನನ್ನ ಮೊಣಕೈ ಹಿಡಿದು ಎಬ್ಬಿಸಿದಳು. ಮನೆಗೆ ನಡೀರಿ ಅಂದಳು. ನಾನು ಬಬಲೇಶ್ವರದ ಬಸ್ಸು ಹತ್ತಿ ಸಾರವಾಡದಲ್ಲಿ ಇಳಿದೆ.

ತಮ್ಮ ಶೆಡ್ಡಿನಲ್ಲಿದ್ದ. ಸುಗ್ಗಿ ಮುಗಿದು ಅಟ್ಟಗಳೆಲ್ಲ ಖಾಲಿ. ಕೆಳಗೆ ಮೂಲೆಯಲ್ಲಿ ಕಬ್ಬಿಣದ ಬುಟ್ಟಿ, ತಳದಲ್ಲಿ ಹಳದಿ ಕಿಟ್ಟ. ಆ ವಾಸನೆ ಇನ್ನೂ ಇತ್ತು.

"ನನ್ನ ಪಾಲು ಎಲ್ಲಿ ಒಣಸಿದ್ಯೋ?" ಅಂದೆ.

ಅವನಿಗೆ ತಿಳಿಯಿತು. ಅಟ್ಟದ ಬಲೆ ಸರಿಮಾಡತೊಡಗಿದ. "ಅಕ್ಕಾ, ಕರ‍್ರನ್ನೂ ಮಣೂಕ ನಿಮ್ಮ ಕಟ್ಟಿ ಮ್ಯಾಲ ಇಳಿಸಿದ್ರ ಓಣ್ಯಾಗ ಏನಂತಾರ? ಮಾರಾಕ ಬರಲಾರದ್ದು ತವರಾವ್ರು ತಂದ ಸುರವ್ಯಾರ ಅಂತಾರ. ನಿನಗ ತಲಿ ತಗ್ಗಬಾರದಂತ... ಇಷ್ಟ ದಿನಕ್ಕ ಹೊಗಿ ಆರಿರತೈತಿ ಅಂದ್ಕೊಂಡೆ."

"ಅದು ಹೋಗ್ಲಿ. ದವಾಖಾನ್ಯಾಗ ಡಾಕ್ಟರು ಕೇಳಿದಾಗ?"

"ಅಷ್ಟ ಮಂದ್ಯಾಗ ಹೆಂಗ ಹೇಳ್ಲಿ?"

"ಮಂದಿ ಯಾರಿದ್ರೋ ಅಲ್ಲಿ? ನಾನಿದ್ದೆ. ನನ್ನ ಸೊಸಿ ಇದ್ಲು. ಉಸಿರು ಸಿಗಲಾರದ ಕೂಸು ಇತ್ತು. ಅದರ ಕಾಲ ಹಿಡಕೊಂಡ ಕುಂತಿದ್ದಿ ನೀ."

ಅವನು ಅತ್ತ. ನನಗೆ ಅಳು ಬರಲಿಲ್ಲ. ಓಣಿಯವರ ಮುಂದೆ ನನ್ನ ಮರ್ಯಾದೆ ಕಾಯಲು ಹೊಗೆ ಹಾಕಿದ ಎಂಬುದನ್ನು ಹೇಗೋ ನುಂಗಬಹುದಿತ್ತು. ಅವನನ್ನು ನಂಬಿ ನಾನು ಡಾಕ್ಟರರ ಮುಂದೆ ಸಾಕ್ಷಿ ನುಡಿದಾಗ, ಆ "ಇಲ್ರಿ" ಅಂದನಲ್ಲ, ಅದನ್ನು ನುಂಗಲಾರೆ. ಅವನ ಹೆಂಡತಿ ಅಕ್ಕಿ, ಕೊಬ್ಬರಿ ಬಟ್ಟಲು ತಂದು "ತಡೀರಿ ಅಕ್ಕಾರ, ಉಡಿ ತುಂಬತೀನಿ" ಎಂದು ಹಿಂದೆ ಬಂದಳು. ತವರಿನಿಂದ ಉಡಿ ತುಂಬಿಸಿಕೊಳ್ಳದೆ ನಾನು ಯಾವತ್ತೂ ಹೊರಟವಳಲ್ಲ. ಅವತ್ತು ಹೊರಟೆ.

ಮಣೂಕ ಬಿಟ್ಟ ಮೇಲೆ ಕೂಸು ದಿನದಿಂದ ದಿನಕ್ಕೆ ತಿಳಿಯಾಯಿತು. ಆ ಮೇಡಂ ಸಾರವಾಡಕ್ಕೂ ಹೋಗಿ ಪೇಟೆಗೆ ಹೋಗುವ ಮಾಲನ್ನು ನೋಡಿದಳಂತೆ, ತಮ್ಮನಿಗೆ ನೋಟಿಸು ಕೊಟ್ಟು, ಗಂಧಕ ಎಷ್ಟು ಸುಡಬೇಕೆಂದು ನಿಂತು ತೋರಿಸಿದಳಂತೆ. ಇನ್ನೊಬ್ಬರ ಮನೆಯ ಯಾವುದೋ ಕೂಸಿಗೆ ಅದರಿಂದ ಒಳ್ಳೆಯದಾಗಿರಬಹುದು. ಈಗ ನಾನು ಸೊಸೆಯ ಚಹಾ ಎರಡೆರಡು ಸಲ ಕೇಳಿ ಕುಡಿಯುತ್ತೇನೆ. "ಸಕ್ರಿ ಪರೀಕ್ಷಾ ಮಾಡಸೀನ್ರಿ, ಕುಡೀರಿ" ಎಂದು ಕಾಡುತ್ತಾಳೆ.

ಇವತ್ತು ಮನೆಗೆ ಬಂದವಳೇ ಗೋಧಿ ಹುಗ್ಗಿಗೆ ಇಟ್ಟೆ. ಮಗ ಯಾರನ್ನೂ ಕೇಳದೆ ಸೋದರಮಾವನಿಗೆ ಫೋನು ಮಾಡಿದ್ದ. ದೀಪ ಹಚ್ಚುವ ಹೊತ್ತಿಗೆ ತಮ್ಮ, ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಅವನ ಕೈಯಲ್ಲಿ ಚೀಲ. ಬಾಯಿ ತೆರೆದು ತೋರಿಸಿದ. ಈ ಸಲದ ಮಣೂಕ, ಮಣ್ಣಿನ ಬಣ್ಣದ್ದು.

"ಹೊಗಿ ಹಾಕಿಲ್ಲ ಅಕ್ಕಾ."

ಪಂಚಮಿಯ ದಿನವೂ ಇದೇ ಬಾಯಿ ಇದನ್ನೇ ಹೇಳಿತ್ತು. ನಾನು ಚೀಲಕ್ಕೆ ಕೈ ಚಾಚಲಿಲ್ಲ. ಅವನೇ ಸೊಸೆಯ ಕಡೆ ತಿರುಗಿ, "ನಾಳೆ ಆಫೀಸಿಗೆ ಒಯ್ಯೂಣವಾ, ನಾನೂ ಬರ್ತೀನಿ" ಅಂದ. ಅಕ್ಕತಮ್ಮರ ನಡುವೆ ಇಂಥ ಮಾತು ಬರುವ ಕಾಲ ಬಂತಲ್ಲ ಅಂದುಕೊಂಡೆ.

"ಚೀಲ ಹೊರಗ ಕಟ್ಟಿ ಮ್ಯಾಲ ಇಡು," ಅಂದೆ. "ಕೈಕಾಲ ತೊಳಕೊಂಡ ಬಾ, ಉಣ್ಣಾಕ."

ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಹುಗ್ಗಿಯ ಮೇಲೆ ತುಪ್ಪ. ಮೊಮ್ಮಗಳು ಗೋಳಗುಮ್ಮಟದಲ್ಲಿ ಎಷ್ಟು ಓಡಿದೆ ಎಂದು ಅಜ್ಜನಿಗೆ, ಅಂದರೆ ನನ್ನ ತಮ್ಮನಿಗೆ, ಕೈ ಚಾಚಿ ಚಾಚಿ ಹೇಳಿದಳು. ಆಮೇಲೆ ತಾಟಿನಲ್ಲಿ ಬೆರಳಾಡಿಸಿ, "ಆಯಿ, ಹುಗ್ಗ್ಯಾಗ ಮಣೂಕ ಯಾಕಿಲ್ಲ?" ಅಂದಳು.

ತಮ್ಮ ತಲೆ ತಗ್ಗಿಸಿದ. ಅವನ ತಾಟು ಖಾಲಿಯಾಗಿತ್ತು. ನಾನು ಎದ್ದು ಅವನಿಗೆ ಇನ್ನೊಂದು ಸವಟು ಹುಗ್ಗಿ ಬಡಿಸಿದೆ.